ಅರ್ಥ ಅನಿಶ್ಚಿತವೆಂದ ಮಾತ್ರಕ್ಕೆ ಬಾಯಿಗೆ ಬಂದದ್ದೆಲ್ಲ ಅರ್ಥವಾಗುವುದಿಲ್ಲ

ನಿನ್ನೆ ಬಳ್ಳಾರಿಯ ವಿಚಾರ ಸಂಕಿರಣವೊಂದರಲ್ಲಿ ಭಾಷಣಕಾರರೊಬ್ಬರು, ‘ಮಾತಿಗೆ ಸ್ಥಿರವಾದ ಅರ್ಥವಿಲ್ಲವೆಂದು ಅಮೆರಿಕದ ತತ್ವಜ್ಞಾನಿ ಕ್ವೈನ್ ಸಾಧಿಸಿ ತೋರಿಸಿದ್ದಾನೆ, ಆದ್ದರಿಂದ ಓದುಗ ಹೇಳಿದ್ದೇ ಅರ್ಥ’ ಎಂದು ಘೋಷಿಸಿದರು. ಸಭೆ ಚಪ್ಪಾಳೆ ತಟ್ಟಿತು. ಮೊದಲ ಅರ್ಧವನ್ನು ಹೇಗೋ ಸಹಿಸಿಕೊಳ್ಳಬಹುದು. ಆ ‘ಆದ್ದರಿಂದ’ ಎಲ್ಲಿಂದ ಬಂತೆಂಬುದು ಮಾತ್ರ ಬಸ್ಸು ಗಂಗಾವತಿ ಮುಟ್ಟುವವರೆಗೂ ನನಗೆ ಹೊಳೆಯಲಿಲ್ಲ.

ಕ್ವೈನ್ 1960ರ ‘ವರ್ಡ್ ಅಂಡ್ ಆಬ್ಜೆಕ್ಟ್’ ಗ್ರಂಥದಲ್ಲಿ ಕೊಟ್ಟ ಉದಾಹರಣೆ ಪ್ರಸಿದ್ಧವಾದದ್ದು. ಅಪರಿಚಿತ ಭಾಷೆಯೊಂದನ್ನು ಕಲಿಯಹೊರಟ ಭಾಷಾಶಾಸ್ತ್ರಜ್ಞನ ಎದುರು ಮೊಲ ಓಡುತ್ತದೆ, ಆ ನಾಡಿನವನು ‘ಗವಗಾಯ್’ ಎನ್ನುತ್ತಾನೆ. ಅವನು ಹೇಳಿದ್ದು ಮೊಲವನ್ನೋ, ಮೊಲದ ಮೈಗೆ ಅಂಟಿಯೇ ಇರುವ ಅಂಗವನ್ನೋ, ಮೊಲದ ಬಾಳಿನ ಒಂದು ಕ್ಷಣವನ್ನೋ ಎಂಬುದು ಬೆರಳು ತೋರಿಸಿ ಕೇಳಿದರೂ ಇತ್ಯರ್ಥವಾಗದು. ಮೊಲದತ್ತ ನೀಡಿದ ಬೆರಳು ಮೂರನ್ನೂ ತೋರಿಸಿರುತ್ತದೆ. ಇಲ್ಲಿಯವರೆಗೆ ಭಾಷಣಕಾರರು ಸರಿಯಾಗಿಯೇ ಹೇಳಿದರು. ಆದರೆ ಕ್ವೈನ್ ಹೇಳಿದ್ದು, ಆ ಜನರ ಮಾತಿನ ನಡವಳಿಕೆಗೆ ಪೂರ್ತಿಯಾಗಿ ಹೊಂದಿಯೂ ತಮ್ಮ ತಮ್ಮಲ್ಲೇ ಹೊಂದದ ಅನುವಾದಗಳು ಸಾಧ್ಯವೆಂದು. ‘ಪೂರ್ತಿಯಾಗಿ ಹೊಂದಿ’ ಎಂಬ ಷರತ್ತನ್ನು ವೇದಿಕೆಯ ಮೇಲೆ ನುಂಗಿ ನೀರು ಕುಡಿಯಲಾಯಿತು. ಗವಗಾಯ್ ಎಂದರೆ ಮಳೆ ಎಂದವನು ಮೊದಲ ದಿನವೇ ಸೋಲುತ್ತಾನೆ.

ನಾನು ವಕೀಲ, ಕರಾರು ಪತ್ರಗಳ ಜಗಳದಿಂದಲೇ ನನ್ನ ಹೊಟ್ಟೆ ತುಂಬುವುದು. ನಿಜ ಹೇಳಬೇಕೆಂದರೆ, ಮಾತೆಲ್ಲ ನಿಖರವಾಗಿಬಿಟ್ಟರೆ ನಮ್ಮ ಮನೆಯ ಒಲೆ ಉರಿಯುವುದಿಲ್ಲ. ಈಗ ನನ್ನ ಮೇಜಿನ ಮೇಲಿರುವ ಗದ್ದೆಯ ಲೀಜಿನ ಕಾಗದದಲ್ಲಿ ‘ಮುಂದಿನ ಬೆಳೆಯವರೆಗೆ’ ಎಂದಿದೆ. ನಾಟಿಯವರೆಗೋ, ಕೊಯ್ಲಿನವರೆಗೋ? ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಎರಡನೇ ಬೆಳೆಗೆ ಬಾರದೆ ಹೋದರೆ, ಆ ‘ಮುಂದಿನ ಬೆಳೆ’ ಬೇಸಿಗೆಯದೋ, ಬರುವ ಮುಂಗಾರಿನದೋ? ಕಾಗದ ಬಾಯಿ ಬಿಡುವುದಿಲ್ಲ. ಆದರೆ ಹಿಂದಿನ ವರ್ಷಗಳ ರಸೀದಿಗಳಿವೆ, ಗೊಬ್ಬರದಂಗಡಿಯ ಉದ್ರಿ ಲೆಕ್ಕವಿದೆ, ಪಕ್ಕದ ಗದ್ದೆಯವರ ವಾಡಿಕೆಯಿದೆ. ಇವನ್ನೆಲ್ಲ ಹರಡಿಕೊಂಡು ಕೂತರೆ ಉಳಿದ ಅರ್ಥಗಳು ಬಿದ್ದುಹೋಗಿ ಎರಡು ಮಾತ್ರ ನಿಲ್ಲುತ್ತವೆ, ಆ ಎರಡರ ನಡುವೆ ನನಗೂ ಸಂಶಯವಿದೆ. ‘ಓದುಗ ಹೇಳಿದ್ದೇ ಅರ್ಥ’ ಎಂದು ನ್ಯಾಯಾಧೀಶರ ಮುಂದೆ ವಾದಿಸಿದರೆ ನನ್ನ ಕಕ್ಷಿದಾರನೇ ಬೇರೆ ವಕೀಲರನ್ನು ಹುಡುಕಿಕೊಂಡಾನು.

ಭಾಷಣಕಾರರು ಕೊಪ್ಪಳದ ಕಡೆ ಬಂದಾಗ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳನ್ನು ನೋಡಲಿ. ಇದೇ ಕಿರುಶಾಸನದ ಪ್ರತಿಗಳು ಬೇರೆ ಊರುಗಳ ಬಂಡೆಗಳ ಮೇಲೂ ಇವೆ; ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಬಿಹಾರದ ಸಸಾರಾಮ್ ಮೊದಲಾದ ಪ್ರತಿಗಳಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಅದು ಬುದ್ಧನ ನಿರ್ವಾಣದಿಂದೀಚೆಗೆ ಕಳೆದ ವರ್ಷಗಳ ಲೆಕ್ಕವೆಂದು ಜರ್ಮನ್ ವಿದ್ವಾಂಸ ಬ್ಯೂಲರ್ ಓದಿದ್ದ. ಸಸಾರಾಮಿನ ಪ್ರತಿಯಲ್ಲಿ ಇರುಳುಗಳ ಪ್ರಸ್ತಾಪವಿರುವುದನ್ನು ಇಂಗ್ಲಿಷ್ ವಿದ್ವಾಂಸ ಎಫ್. ಡಬ್ಲ್ಯು. ಥಾಮಸ್ ಎತ್ತಿ ತೋರಿಸಿದ ಮೇಲೆ, ಸಂಚಾರದಲ್ಲಿ ಕಳೆದ 256 ಇರುಳುಗಳೆಂಬ ಓದು ಗಟ್ಟಿಯಾಯಿತು. ಬ್ಯೂಲರನಂಥ ವಿದ್ವಾಂಸನ ಓದೂ ಬಂಡೆಯೊಂದರ ಸಾಕ್ಷಿಗೆ ಮಣಿಯಬೇಕಾಯಿತು. ಚಪ್ಪಾಳೆಯ ಓದುಗಳಿಗೆ ಆ ಭಯವೇ ಇಲ್ಲ.

‘ಹಾಗಾದರೆ ಬೆಡಗಿನ ವಚನಗಳ, ಆ ಒಗಟಿನಂಥ ವಚನಗಳ, ಗತಿಯೇನು?’ ಎಂದು ಊಟದ ಸಾಲಿನಲ್ಲಿ ಮಿತ್ರರೊಬ್ಬರು ಕೇಳಿದರು. ನಾನೆಂದೆ: ಸರ್, ಬೆಡಗಿಗೆ ಟೀಕೆ ಬರೆದವರು ಷಟ್‌ಸ್ಥಲದ, ಅಂದರೆ ಶರಣರ ಸಾಧನೆಯ ಆರು ಹಂತಗಳ, ಪರಿಭಾಷೆಯನ್ನು ಹಿಡಿದು ಬರೆದರು, ಮನಸ್ಸಿಗೆ ತೋಚಿದ್ದನ್ನಲ್ಲ. ಒಗಟು ಬಿಡಿಸುವ ಶ್ರಮ ಬೇಡವೆನ್ನುವವರಿಗೆ ಅಲ್ಲಮ ಏನು ಬೇಕಾದರೂ ಆದಾನು. ಸ್ಥಿರವಾದ ಅರ್ಥದ ಹೆಸರಿನಲ್ಲಿ ಬಲವುಳ್ಳವರು ದಬ್ಬಾಳಿಕೆ ನಡೆಸಿದ್ದಾರೆ ಎಂಬ ಮಾತನ್ನೂ ಆ ಮಿತ್ರರು ಸೇರಿಸಿದರು. ನಡೆಸಿದ್ದಾರೆ, ಇಲ್ಲವೆಂದವರು ಯಾರು? ಆದರೆ ಎಲ್ಲ ಓದೂ ಸಮವೆಂದಾದ ದಿನ, ‘ಧಣಿ, ನೀವು ಓದಿದ್ದು ತಪ್ಪು’ ಎನ್ನುವ ಹಕ್ಕನ್ನು ಲೀಜಿನ ರೈತನೂ ಕಳೆದುಕೊಳ್ಳುತ್ತಾನಲ್ಲ ಎಂದು ಕೇಳಿದೆ. ಮಿತ್ರರು ಉತ್ತರ ಕೊಡುವ ಬದಲು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.