ಕೂತು ಪರೀಕ್ಷಿಸಿದ ಸಿಂಹಾಸನ

ಆ ಫೋಟೊ ಮತ್ತೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗಿದೆ. ಕೇರಳದ ಅಂದಿನ ಪೊಲೀಸ್ ಮುಖ್ಯಸ್ಥರು ಕೆತ್ತನೆ ತುಂಬಿದ ಭಾರೀ ಕುರ್ಚಿಯಲ್ಲಿ ಗಂಭೀರವಾಗಿ ಆಸೀನರಾಗಿದ್ದಾರೆ. ಪಕ್ಕದಲ್ಲಿ ಇನ್ನೊಬ್ಬ ಹಿರಿಯ ಅಧಿಕಾರಿ ಕತ್ತಿ ಹಿಡಿದು ನಿಂತಿದ್ದಾರೆ. ತನ್ನ ಮನೆಯ ಆ ಕುರ್ಚಿಯನ್ನು ಟಿಪ್ಪುವಿನ ಸಿಂಹಾಸನವೆಂದು ತೋರಿಸುತ್ತಿದ್ದ, ಪ್ರಾಚ್ಯವಸ್ತು ವ್ಯಾಪಾರಿಯೆಂದು ಹೇಳಿಕೊಂಡಿದ್ದ ಕೊಚ್ಚಿಯ ಮಾನ್ಸನ್ ಮಾವುಂಗಲ್ 2021ರ ಸೆಪ್ಟೆಂಬರಿನಲ್ಲಿ ವಂಚನೆಯ ಆರೋಪದ ಮೇಲೆ ಬಂಧಿತನಾದಾಗ ನಾಡೆಲ್ಲ ನೋಡಿ ನಕ್ಕ ಫೋಟೊ ಅದು. ಈ ಸಲ ಅದರ ಕೆಳಗೆ ‘ನಮ್ಮ ಟಿಪ್ಪುವಿನ ಅಸಲಿ ಸಿಂಹಾಸನ, ಎಲ್ಲರಿಗೂ ಕಳುಹಿಸಿ’ ಎಂಬ ಒಕ್ಕಣೆ ಸೇರಿಕೊಂಡಿದೆ.

ಹಳೆಯ ಪೀಠೋಪಕರಣವನ್ನು ಗುರುತಿಸುವ ವಿದ್ಯೆಯನ್ನು ಪಂಡಿತರು ವೃಥಾ ಕಠಿಣ ಮಾಡಿಟ್ಟಿದ್ದಾರೆ. ಅವರು ಕುರ್ಚಿಯನ್ನು ಮೊದಲು ತಲೆಕೆಳಗು ಮಾಡುತ್ತಾರೆ. ಮೇಲ್ಭಾಗಕ್ಕೆ ಎಷ್ಟು ಬೇಕಾದರೂ ಬಣ್ಣ ಬಳಿಯಬಹುದು, ತಳಭಾಗ ಸುಳ್ಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ. ಗರಗಸದ ಗೀರು ಕೈಯದೋ ಯಂತ್ರದ್ದೋ, ಸ್ಕ್ರೂ ತಲೆಯ ಮೇಲೆ ಈ ಕಾಲದ ಕೂಡು ಚಿಹ್ನೆಯ (+) ಗೀರು ಇದೆಯೋ, ಕೈ ತಾಗುವ ಜಾಗದಲ್ಲಿ ಮಾತ್ರ ಮರ ಸವೆದಿದೆಯೋ ಎಂದೆಲ್ಲ ನೋಡುತ್ತಾರೆ. ಹುಳು ಕೊರೆದ ತೂತಿಗೂ ಸೂಜಿ ತೂರಿಸಿ ನೋಡುತ್ತಾರೆ. ಹುಳು ಮರದೊಳಗೆ ಡೊಂಕುಡೊಂಕಾಗಿ ಸಾಗುತ್ತದೆ, ಮೊಳೆ ಹೊಡೆದು ಮಾಡಿದ ತೂತು ನೆಟ್ಟಗೆ ಇಳಿದು ನಿಲ್ಲುತ್ತದೆ. ಇಷ್ಟೆಲ್ಲ ರಗಳೆ ಏಕೆ? ಅಧಿಕಾರಿಗಳ ವಿಧಾನದಲ್ಲಿ ಕುರ್ಚಿಯ ಮೇಲೆ ಕೂತರಾಯಿತು, ಫೋಟೊ ತೆಗೆಸಿಕೊಂಡರಾಯಿತು. ಆ ಫೋಟೊವೇ ಮುಂದೆ ಬರುವ ಗಿರಾಕಿಗೆ ಪ್ರಮಾಣಪತ್ರ. ಮಾನ್ಸನ್‌ನ ಅದೇ ಮನೆಯಲ್ಲಿ ಬೈಬಲಿನ ಮೋಶೆಯ ಕೋಲೂ ಏಸುವನ್ನು ಹಿಡಿದುಕೊಟ್ಟ ಯೂದನಿಗೆ ಸಂದ ಬೆಳ್ಳಿ ನಾಣ್ಯಗಳೂ ಇದ್ದುವೆಂದ ಮೇಲೆ ಟಿಪ್ಪುವಿನ ಕುರ್ಚಿಯೊಂದನ್ನು ಶಂಕಿಸುವುದು ಸೌಜನ್ಯವಾಗುತ್ತಿರಲಿಲ್ಲ.

ನಮ್ಮ ಕಲ್ಯಾಣ ಮಂಟಪಗಳ ಉಗ್ರಾಣಗಳನ್ನು ಆ ಮಹನೀಯರು ನೋಡಿಲ್ಲವೆಂಬುದೇ ನನ್ನ ಕೊರಗು. ಕೆಂಪು ಮಖಮಲ್ಲು, ಕೈಗೆ ಸಿಂಹದ ಮುಖ, ಬೆನ್ನಿಗೆ ನವಿಲು, ಅದರ ಮೇಲೊಂದು ಕಿರೀಟ, ಒಳಗೆ ಪ್ಲೈವುಡ್ಡು ಮತ್ತು ಫೋಮು: ಯಾವ ರಾಜವಂಶದ್ದೆಂದು ಇತಿಹಾಸಕಾರರಿಗೂ ಬಗೆಹರಿಯದ ಇಂಥ ಸಿಂಹಾಸನಗಳು ದಿನಬಾಡಿಗೆಗೆ ದೊರೆಯುತ್ತವೆ. ಬೆಳಿಗ್ಗೆ ವಧೂವರರು ಕೂತದ್ದರಲ್ಲಿ ಸಂಜೆ ಶಾಸಕರು ಪೇಟ ಸುತ್ತಿಸಿಕೊಂಡು, ಬೆಳ್ಳಿ ಗದೆ ಹಿಡಿದು ಸನ್ಮಾನ ಸ್ವೀಕರಿಸುತ್ತಾರೆ. ಪ್ರಜಾಪ್ರಭುತ್ವ ಬಂದು ಇಷ್ಟು ವರ್ಷವಾದರೂ ನಮ್ಮ ಪ್ರತಿನಿಧಿಗಳಿಗೆ ಸಾದಾ ಕುರ್ಚಿಯಲ್ಲಿ ಬೆನ್ನು ನಿಲ್ಲುವುದಿಲ್ಲವಾದ್ದರಿಂದ ಕೊಚ್ಚಿಯವರನ್ನು ಮಾತ್ರ ಆಡಿಕೊಳ್ಳುವುದು ಅನ್ಯಾಯ.

ಟಿಪ್ಪುವಿನ ನಿಜವಾದ ಸಿಂಹಾಸನದಲ್ಲಿ ಕೂರುವ ಭಾಗ್ಯ ಯಾರಿಗೂ ಇಲ್ಲ. ಅದು ಕುರ್ಚಿಯೇ ಅಲ್ಲ. ಹುಲಿಯ ಮೇಲೆ ನಿಂತ ಎಂಟು ಮೂಲೆಯ ಪೀಠ, ಸುತ್ತ ಕಟಾಂಜನದಲ್ಲಿ ರತ್ನ ಕೂರಿಸಿದ ಪುಟ್ಟ ಹುಲಿತಲೆಗಳು, ಛತ್ರದ ತುದಿಯಲ್ಲಿ ಪರ್ಷಿಯನ್ ಕಥೆಗಳ ಹುಮಾ ಪಕ್ಷಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಕಂಪನಿ ಸೈನ್ಯದವರು ಅದನ್ನು ಒಡೆದು ಪಾಲು ಮಾಡಿಕೊಂಡರು. ಹುಮಾ ಪಕ್ಷಿಯೂ ದೊಡ್ಡ ಹುಲಿತಲೆಯೂ ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿವೆ. ಮಾನ್ಸನ್ ಜೈಲು ಸೇರಿ ಎರಡು ತಿಂಗಳೂ ಆಗಿರಲಿಲ್ಲ, ಅಂಥ ಒಂದು ಪುಟ್ಟ ಹುಲಿತಲೆಗೆ 15 ಲಕ್ಷ ಪೌಂಡ್ ಬೆಲೆ ಕಟ್ಟಿ, ಅದು ದೇಶ ಬಿಟ್ಟು ಹೋಗದಂತೆ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಕೊಳ್ಳೆ ಹೊಡೆದವರಿಗೂ ತಮ್ಮ ಪರಂಪರೆಯ ಮೇಲೆ ಎಷ್ಟೊಂದು ಅಕ್ಕರೆ! ನಮ್ಮ ಪಾಲಿಗೆ ಉಳಿದದ್ದು ಕೇರಳದ ಚೇರ್ತಲದ ಬಡಗಿಯ ಕೈಕೆಲಸವೆಂದು ಆಮೇಲೆ ವರದಿಯಾದ ಕುರ್ಚಿ. ಆ ಬಡಗಿಯ ಕೆಲಸವನ್ನು ಹಳಿಯುವ ಮನಸ್ಸು ನನಗಿಲ್ಲ. ಇಡೀ ಪ್ರಕರಣದಲ್ಲಿ ತನ್ನ ಕಸುಬನ್ನು ಸರಿಯಾಗಿ ಬಲ್ಲವನು ಅವನೊಬ್ಬನೇ ಇರಬೇಕು.

ನಗಲು ಇಷ್ಟೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ದೂರು ಕೊಟ್ಟವರು ತಮ್ಮಿಂದ ಹೋಯಿತೆನ್ನುವುದು ಸುಮಾರು 10 ಕೋಟಿ ರೂಪಾಯಿ. ದೊಡ್ಡವರು ಕೂತ ಫೋಟೊಗಳನ್ನು ನೋಡಿದವನಿಗೆ ಕುರ್ಚಿಯ ಮೇಲೆ ಅನುಮಾನ ಹೇಗೆ ಹುಟ್ಟಬೇಕು? ಆ ಮನೆಗೆ ಪೊಲೀಸರ ಗಸ್ತು ಕೂಡ ಏರ್ಪಟ್ಟಿತ್ತು. ಮನೆಯ ಕೆಲಸದವರ ಅಪ್ರಾಪ್ತ ಮಗಳ ಮೇಲೆ ಅತ್ಯಾಚಾರ ಮಾಡಿದ ಪ್ರಕರಣದಲ್ಲಿ 2023ರ ಜೂನಿನಲ್ಲಿ ಅದೇ ಮನುಷ್ಯನಿಗೆ ಜೀವಾವಧಿ ಶಿಕ್ಷೆಯಾಯಿತು. ಗಸ್ತಿನ ಪೊಲೀಸರು ಕಾಯುತ್ತಿದ್ದದ್ದು ಯಾರನ್ನು? ಇದನ್ನು ಕೇಳಿಯೂ ಅದೇ ಫೋಟೊವನ್ನು ಹೆಮ್ಮೆಯಿಂದ ಮುಂದೆ ದಾಟಿಸುವವರಿಗೆ ಏನು ಹೇಳಬೇಕೋ ನನಗೆ ತೋಚುವುದಿಲ್ಲ.

ನೂರು ವರ್ಷ ದಾಟಿದ ಇಂಥ ವಸ್ತು ಪ್ರಾಚ್ಯವಸ್ತುವೆಂದು 1972ರ ಕಾಯ್ದೆಯೇ ಹೇಳುತ್ತದೆ. ನೋಡಿ ಹೇಳುವುದಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ಇದೆ. ಇಲಾಖೆಯ ಪರಿಶೀಲನೆ ನಡೆದದ್ದು ಬಂಧನವಾದ ಮೇಲೆ. ಅಲ್ಲಿದ್ದ ಸರಕಿನಲ್ಲಿ ಬಹುಪಾಲಿಗೆ ಪುರಾತನ ಮೌಲ್ಯವಿಲ್ಲವೆಂದು ಆಗ ಗೊತ್ತಾಯಿತು. ಆ ಕುರ್ಚಿಯನ್ನು ಮಗುಚಿ ಹಾಕಲು ಇಬ್ಬರು ಆಳು ಸಾಕಾಗುತ್ತಿದ್ದರು, ಆದರೆ ಅದರ ಮೇಲೆ ಯಾವಾಗಲೂ ಯಾರಾದರೊಬ್ಬ ಗಣ್ಯರು ಕೂತಿರುತ್ತಿದ್ದರು.