ಪರ-ವಿರೋಧ: ಇತಿಹಾಸದ ಕ್ಲಾಸಿಗೆ ಸಿನಿಮಾ, ಕತೆ ಬೇಕಾ?

ಪರ (ಇತಿಹಾಸ ಪ್ರಾಧ್ಯಾಪಕ, ಕಾಸರಗೋಡು)

ಬೇಕಲ ಕೋಟೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತೇನೆ. ಇದನ್ನು ಕಟ್ಟಿಸಿದ್ದು ಯಾರು? ಬಿ.ಎ. ಇತಿಹಾಸದ ಮಕ್ಕಳು, ಸುಮ್ನೆ ತಿರುಗಾಡಲು ಬಂದವರಲ್ಲ. ಆದರೂ ಯಾರೂ ಬಾಯಿ ಬಿಡುವುದಿಲ್ಲ. ಕೊಲಚ್ಚಲಿನಲ್ಲಿ ಡಚ್ಚರನ್ನು ಸೋಲಿಸಿದ ತಿರುವಾಂಕೂರಿನ ರಾಜ ಮಾರ್ತಾಂಡವರ್ಮ ಗೊತ್ತು, 1741 ಅಂತ ಇಸವಿಯೂ ಗೊತ್ತು. ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಕೋಟೆಯನ್ನು 1650ರ ಹೊತ್ತಿಗೆ ಕಟ್ಟಿಸಿದ ಕೆಳದಿಯ ಶಿವಪ್ಪ ನಾಯಕ ಗೊತ್ತಿಲ್ಲ. (ಅದಕ್ಕೂ ಮೊದಲು ಈ ಕಡೆ ಆಳಿದ ಕೋಲತ್ತಿರಿ ರಾಜರ ಕಾಲದಲ್ಲೇ ಇಲ್ಲಿ ಕೋಟೆ ಇತ್ತು ಎಂಬ ವಾದವೂ ಇದೆ, ಇರಲಿ.) ಕೊನೆಗೆ ಒಬ್ಬಳು, "ಸರ್, 'ಬಾಂಬೆ' ಸಿನಿಮಾದ ಹಾಡು ಇಲ್ಲೇ ತೆಗೆದದ್ದು ಅಲ್ವಾ? ಅಮ್ಮ ಹೇಳಿದ್ದಾರೆ" ಅಂದಳು. 1995ರ ಸಿನಿಮಾ. ಇವಳು ಆಗ ಹುಟ್ಟಿರಲೂ ಇಲ್ಲ.

ಮೊದಲಾಗಿದ್ದರೆ ಗದರುತ್ತಿದ್ದೆ. ಅವತ್ತು "ಸರಿ, ಹಾಡಿನಲ್ಲಿ ನಾಯಕ ನಿಂತದ್ದು ಎಲ್ಲಿ, ತೋರಿಸು" ಅಂದೆ. ಫೋನಿನಲ್ಲಿ ಹಾಡು ಹಾಕಿಕೊಂಡು ಇಡೀ ತಂಡ ಗೋಡೆಯ ಉದ್ದಕ್ಕೂ ಹುಡುಕಿತು. ಹುಡುಕುತ್ತಾ ಒಬ್ಬ ಕೇಳಿದ, ಗೋಡೆಯಲ್ಲಿ ಇಷ್ಟೊಂದು ತೂತು ಯಾಕೆ, ಒಂದು ಮೇಲೆ ಒಂದು ಕೆಳಗೆ? ನನಗೆ ಅಷ್ಟು ಸಾಕಿತ್ತು. ಮೇಲಿನ ಕಿಂಡಿ ದೂರದ ಶತ್ರುವಿಗೆ, ಕೆಳಗಿನದು ಹತ್ತಿರ ಬಂದವನಿಗೆ, ಇನ್ನೂ ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಹುಡುಗರು ನೆಲಕ್ಕೆ ಬಿದ್ದು, ಮುರಕಲ್ಲಿಗೆ ಕೆನ್ನೆ ಒತ್ತಿ ಒಂದೊಂದರಲ್ಲೂ ಕಣ್ಣಿಟ್ಟು ನೋಡಿದರು. ಆಮೇಲೆ ಪ್ರಶ್ನೆಗಳು ತಾವಾಗಿ ಬಂದವು. ಇಷ್ಟು ದೊಡ್ಡ ಕೋಟೆಯೊಳಗೆ ಅರಮನೆ ಯಾಕಿಲ್ಲ? ಕೆಳದಿಯವರಿಂದ ಯಾರ ಕೈಗೆ ಹೋಯ್ತು? 1763ರಲ್ಲಿ ಹೈದರ್ ಕೆಳದಿಯವರ ರಾಜಧಾನಿ ಬಿದನೂರು ಹಿಡಿದದ್ದು, 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪೆನಿ ಬಂದದ್ದು, ಆಮೇಲೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ, 1956ರ ನವೆಂಬರ್ 1ಕ್ಕೆ ಕೇರಳ, ಹೀಗೆ ಒಂದೇ ಗೋಡೆಯ ನೆರಳಿನಲ್ಲಿ ಮುನ್ನೂರು ವರ್ಷ ಹೇಳಿ ಮುಗಿಸಿದೆ. ಕ್ಲಾಸಿನಲ್ಲಿ ಇದಕ್ಕೆ ಎರಡು ವಾರ ಬೇಕು, ಅರ್ಧ ಜನ ನಿದ್ದೆ ಬೇರೆ.

ಸಿನಿಮಾ ಸುಳ್ಳು ಹೇಳುತ್ತದೆ ಅನ್ನುವವರಿದ್ದಾರೆ. ಹೇಳಲಿ ಬಿಡಿ. ಇದು ಯಕ್ಷಗಾನದ ಕವಿ, ಕುಂಬಳೆಯ ಪಾರ್ತಿಸುಬ್ಬನ ನಾಡು. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ರಾವಣ ಒಂದು ಗಂಟೆ ವಾದ ಮಾಡುತ್ತಾನೆ, ಎದುರಿನ ಅರ್ಥಧಾರಿ ಅದನ್ನು ಒಂದೊಂದಾಗಿ ಮುರಿಯುತ್ತಾನೆ. ಅದನ್ನು ಕೂತು ಕೇಳಿ ಬೆಳೆದವರಿಗೆ ಯಾರ ಮಾತನ್ನು ಎಷ್ಟು ನಂಬಬೇಕು ಅಂತ ನಾವು ಹೇಳಿಕೊಡಬೇಕಾ? ಕಡತದ ಧೂಳಿಗೆ ಕೆಮ್ಮಿದರೆ ಮಾತ್ರ ಪಾಂಡಿತ್ಯ ಅನ್ನುವವರ ಜೊತೆ ಜಗಳಾಡಿ ನನಗೆ ಸಾಕಾಗಿದೆ. ನನ್ನದೇ ಮಹಾಪ್ರಬಂಧ 400 ಪುಟ. ಅದರ ಎಲ್ಲ ಪುಟ ಮಗುಚಿದವನು ಬೈಂಡಿಂಗ್ ಅಂಗಡಿಯವನೊಬ್ಬನೇ, ಅದೂ ಎಣಿಸುವುದಕ್ಕೆ.

ವಿರೋಧ (ಹೈಸ್ಕೂಲ್ ಅಧ್ಯಾಪಿಕೆ, ಮಂಜೇಶ್ವರ)

ಸರ್ ನನ್ನ ಗುರುಗಳು. "ವಿರೋಧ ನೀನು ಬರಿ" ಅಂದವರೂ ಅವರೇ. ಹಾಗಾಗಿ ಬರೆಯುತ್ತಿದ್ದೇನೆ.

ಅವರು ಹೇಳಿದ ಹಾಗೆ ಮಾಡಿದರೆ ಇನ್ನು ನಾವು ಹಾಜರಿ ಕರೆಯುವ ಬದಲು ಟಿಕೆಟ್ ಹರಿಯಬೇಕು, ಇಂಟರ್‌ವಲ್ ಬಿಟ್ಟು ಪಫ್ಸ್ ಮಾರಬೇಕು. ಇತಿಹಾಸಕ್ಕೆ ಆಧಾರ ಬೇಕು. ಆಧಾರ ಇಲ್ಲದ್ದು ಇತಿಹಾಸ ಅಲ್ಲ. ಕೋಟೆಯ ವಿಷಯಕ್ಕೆ ನಾನು ಹೋಗುವುದಿಲ್ಲ, ಪ್ರವಾಸ ಬೇರೆ, ಪಾಠ ಬೇರೆ.

ನನ್ನ ಕ್ಲಾಸಿನ ಸಂಗತಿ ಹೇಳುತ್ತೇನೆ. ಹತ್ತನೆಯವರಿಗೆ ಕಯ್ಯೂರಿನ ರೈತ ಹೋರಾಟದ ಬಗ್ಗೆ ಬರೆಯಲು ಕೊಟ್ಟಿದ್ದೆ, ನಮ್ಮದೇ ಜಿಲ್ಲೆಯದು ಅಂತ. 1941ರ ಮಾರ್ಚಿನಲ್ಲಿ ಮೆರವಣಿಗೆಯವರ ಕೈಗೆ ಸಿಕ್ಕಿದ ಪೊಲೀಸನೊಬ್ಬ ಹೊಳೆಗೆ ಹಾರಿ ಸತ್ತ. ಅದಕ್ಕೆ 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರಿಗೆ ಗಲ್ಲು. ಒಬ್ಬ ಹುಡುಗ ಆರು ಪುಟ ಬರೆದಿದ್ದ, ಚೆಂದ ಬರೆದಿದ್ದ. ಆದರೆ ಆರು ಪುಟದಲ್ಲೂ ಅಪ್ಪು ಮತ್ತು ಚಿರುಕಂಡ, ಇಬ್ಬರೇ. ಅವರು ಗುಟ್ಟಾಗಿ ಆಡಿಕೊಂಡ ಮಾತೂ ಇತ್ತು, ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿ! ಇದನ್ನು ಪಕ್ಕದಲ್ಲಿ ಕೂತು ಕೇಳಿಸಿಕೊಂಡವರು ಯಾರು ಅಂತ ಕೇಳಿದೆ. "ಪುಸ್ತಕದಲ್ಲಿದೆ ಟೀಚರ್" ಅಂದ. ಪುಸ್ತಕ ಅಂದರೆ ನಿರಂಜನರ ಕಾದಂಬರಿ 'ಚಿರಸ್ಮರಣೆ'. ಅವರ ಜೊತೆಗೇ ಗಲ್ಲಿಗೇರಿದ ಅಬೂಬಕ್ಕರ್ ಯಾರು? ಕುಞ್ಞಂಬು ನಾಯರ್ ಯಾರು? ವಯಸ್ಸು ಸಣ್ಣದು ಅಂತ ಗಲ್ಲಿನಿಂದ ಉಳಿದ ಕೃಷ್ಣನ್ ನಾಯರ್? ಹುಡುಗ ತಲೆ ಕೆರೆದುಕೊಂಡ. ಅವನಿಗೆ ಕತೆಯ ನಾಯಕರು ಇಬ್ಬರು ಸಾಕಾಗಿದ್ದರು.

ಹತ್ತರಲ್ಲಿ ನಾಲ್ಕು ಹಾಕಿ, ಆಮೇಲೆ ತಿದ್ದಿ ಏಳು ಮಾಡಿದೆ. ಯಾಕೆಂದರೆ ಪ್ಲಸ್ ಟು ರಜೆಯಲ್ಲಿ, ಅಜ್ಜಿ ಮನೆಯ ಅಂಗಳದಲ್ಲಿ ಒಣ ಹಾಕಿದ ಅಡಿಕೆ ಕಾಯುತ್ತಾ ಅದೇ ಕಾದಂಬರಿ ಓದಿ ಅತ್ತು, ಬಿ.ಕಾಂ. ಅರ್ಜಿ ಹರಿದು ಹಾಕಿ ಇತಿಹಾಸಕ್ಕೆ ಬಂದವಳು ನಾನೇ. ಮೊದಲ ದಿನ ಕ್ಲಾಸಿನಲ್ಲಿ "ಇತಿಹಾಸ ಯಾಕಮ್ಮ ತಗೊಂಡೆ?" ಅಂತ ಸರ್ ಕೇಳಿದಾಗ ಮಾತ್ರ, ಶಾಸನಗಳಲ್ಲಿ ಆಸಕ್ತಿ ಅಂತ ಹೇಳಿದ್ದೆ.