ಜರ್ಮನ್ ಬೇಕಾದವರಿಗೆ ಶಾಲೆಯಲ್ಲಿ ಜರ್ಮನ್ ಇಲ್ಲ

ಮಗು ಐದನೇ ಕ್ಲಾಸ್ ಮುಗಿಸುವ ಹೊತ್ತಿಗೆ ಬೆಂಗಳೂರಿನ ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಚರ್ಚೆ. ಮೂರನೇ ಭಾಷೆ ಯಾವುದು? ಹಿಂದಿಯಾ, ಸಂಸ್ಕೃತವಾ, ಫ್ರೆಂಚಾ, ಜರ್ಮನ್ನಾ? ಅಷ್ಟು ಚರ್ಚೆ ಆದ ಮೇಲೂ ತೀರ್ಮಾನ ಮಾತ್ರ "ಯಾವುದರಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತೆ" ಅನ್ನುವುದರ ಮೇಲೆಯೇ. ನಾನು ಜರ್ಮನ್ ಟೀಚರ್. ಬೆಳಗ್ಗೆ ಖಾಸಗಿ ಶಾಲೆಯಲ್ಲಿ ಪಾಠ, ಸಂಜೆ ಆನ್‌ಲೈನ್‌ನಲ್ಲಿ ನರ್ಸ್‌ಗಳಿಗೆ ಪಾಠ. ಎರಡೂ ಕಡೆ ಕಲಿಸುವುದರಿಂದ ನನಗೆ ಕಾಣುವುದು ಇಷ್ಟು: ಜರ್ಮನ್ ಸಿಗುತ್ತಿರುವ ಮಕ್ಕಳಿಗೆ ಅದು ಬೇಕಿಲ್ಲ. ಬೇಕಾದ ಮಕ್ಕಳಿಗೆ ಸಿಗುತ್ತಿಲ್ಲ.

ಶಾಲೆಯ ಕಥೆ ಚಿಕ್ಕದು. ಆರರಿಂದ ಎಂಟರವರೆಗೆ, ವಾರಕ್ಕೆ ಎರಡೋ ಮೂರೋ ಪೀರಿಯಡ್. ಸ್ಪೋರ್ಟ್ಸ್ ಡೇ ಪ್ರಾಕ್ಟೀಸ್ ಬಂದರೆ ಮೊದಲು ಕತ್ತರಿ ಬೀಳುವುದು ನಮ್ಮ ಪೀರಿಯಡ್‌ಗೇ. ಹೆಸರು, ಊರು, ಮನೆಯಲ್ಲಿ ಯಾರ್ಯಾರಿದ್ದಾರೆ, ಗಂಟೆ ಎಷ್ಟು, ಇಷ್ಟು ಹೇಳಲು ಬರುವಷ್ಟರಲ್ಲಿ ಎಂಟನೇ ಕ್ಲಾಸ್ ಮುಗಿಯುತ್ತದೆ. ಬಹಳಷ್ಟು ಮಕ್ಕಳಿಗೆ ಜರ್ಮನ್ನೂ ಅಲ್ಲಿಗೇ ಮುಗಿಯುತ್ತದೆ. ಕೆಲವು ಶಾಲೆಗಳಲ್ಲಿ ಹತ್ತರವರೆಗೂ ಓದಬಹುದು, ನಿಜ. ಆಮೇಲೆ ಪಿಯುಸಿ. ನಮ್ಮ ಪಿಯು ಪರೀಕ್ಷೆಯ ಭಾಷೆಗಳಲ್ಲಿ ಫ್ರೆಂಚ್ ಇದೆ, ಜರ್ಮನ್ ಇಲ್ಲ. ಇಂಜಿನಿಯರಿಂಗ್ ಮುಗಿಸಿ ಎಂ.ಎಸ್‌ಗೆ ಜರ್ಮನಿಗೆ ಹೊರಟಾಗ ಇದೇ ಮಕ್ಕಳು ಎ1ರಿಂದ, ಅಂದರೆ ಮೊದಲ ಮೆಟ್ಟಿಲಿನಿಂದ ಶುರು ಮಾಡುತ್ತಾರೆ (ಎ1, ಎ2, ಬಿ1, ಬಿ2 ಹೀಗೆ ಭಾಷೆಯ ಮಟ್ಟ ಏರುತ್ತಾ ಹೋಗುತ್ತದೆ). ಅವರು ಸೇರುವ ಕೋರ್ಸ್ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತೆ, ಅಷ್ಟೇನೂ ನಷ್ಟವಿಲ್ಲ.

ಸಂಜೆ ಬ್ಯಾಚ್ ಬೇರೆ ಲೋಕ. ರಾಯಚೂರು, ಹಾಸನ, ಗದಗ ಕಡೆಯ ಹುಡುಗಿಯರು, ಒಂದಿಷ್ಟು ಹುಡುಗರು. ಬಹುಪಾಲು ಎಲ್ಲರೂ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಜರ್ಮನಿಯಲ್ಲಿ ನರ್ಸ್ ಆಗಿ ಪೂರ್ತಿ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2 ಬೇಕು. ಬಿ1 ತಲುಪಲು ಮುಕ್ಕಾಲು ಗಂಟೆಯ 350ರಿಂದ 650 ಪಾಠಗಳು ಬೇಕು ಎಂದು ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೊಯೆಥೆ ಸಂಸ್ಥೆಯೇ ಅಂದಾಜು ಕೊಡುತ್ತದೆ. ಬಿ2 ಅದಕ್ಕೂ ಮೇಲಿನದು. ಇದನ್ನೆಲ್ಲ ಅವರು ನೈಟ್ ಡ್ಯೂಟಿ ಮಧ್ಯೆ, ಹಾಸ್ಟೆಲ್‌ನ ಮೂಲೆಯಲ್ಲಿ ಕೂತು, ಮೊಬೈಲಿನಲ್ಲಿ ಮಾಡಬೇಕು. ಕೋಚಿಂಗ್ ಫೀಸಿಗೆ ಮನೆಯಲ್ಲಿ ಸಾಲ. ಪರೀಕ್ಷೆ ಫೀಸು ಬೇರೆ. ಫೇಲಾದರೆ ಮತ್ತೆ ಕಟ್ಟಬೇಕು. ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತೇವೆ ಎಂದು 2024ರ ಅಕ್ಟೋಬರಿನಲ್ಲಿ ಜರ್ಮನಿ ಹೇಳಿತಲ್ಲ, ಆ ಸುದ್ದಿ ಬಂದ ಮೇಲೆ ವಿಚಾರಿಸುವವರು ಇನ್ನೂ ಜಾಸ್ತಿ.

ಈಗ ನನಗೆ ತುಂಬಾ ಇಷ್ಟದ ವಿಷಯಕ್ಕೆ ಬರುತ್ತೇನೆ. ಕನ್ನಡ ಮೀಡಿಯಂ ಮಕ್ಕಳಿಗೆ ಜರ್ಮನ್ ಕಷ್ಟ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ವ್ಯಾಕರಣದ ಮಟ್ಟಿಗೆ ನಾನು ನೋಡಿದ್ದು ಉಲ್ಟಾ. ಶಾಲೆಯ ಮಕ್ಕಳು ಮೊದಲು ಮುಗ್ಗರಿಸುವುದು ಅಕ್ಕುಸಾಟಿವ್, ದಾಟಿವ್ ಎಂಬ ವಿಭಕ್ತಿಗಳು ಬಂದಾಗ. ಮರ 'ದೇರ್ ಬೌಮ್'. ಮರವನ್ನು ನೋಡಿದರೆ 'ದೆನ್ ಬೌಮ್'. ಮರಕ್ಕೆ ಏನಾದರೂ ಕೊಟ್ಟರೆ 'ದೆಮ್ ಬೌಮ್'. ಇಂಗ್ಲಿಷಿನಲ್ಲೇ ಯೋಚಿಸುವ ಮಗುವಿಗೆ ಇದು ತಲೆಗೆ ಹೋಗುವುದಿಲ್ಲ. 'ದಿ ಟ್ರೀ' ಎಲ್ಲಿದ್ದರೂ 'ದಿ ಟ್ರೀ'ಯೇ ಅಲ್ವಾ? ಸಂಜೆ ಬ್ಯಾಚಿನಲ್ಲಿ ನಾನು "ಪ್ರಥಮಾ, ದ್ವಿತೀಯಾ, ಚತುರ್ಥೀ" ಅನ್ನುತ್ತೇನೆ. ಅವರೇ "ಉ, ಅನ್ನು, ಇಂದ, ಕೆ" ಅಂತ ಮುಂದುವರಿಸುತ್ತಾರೆ. ಅರ್ಧ ಕೆಲಸ ಮುಗಿಯಿತು. 'ವೈಲ್' (ಏಕೆಂದರೆ) ಬಂದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗಬೇಕು ಎಂದರೂ ಗಾಬರಿ ಇಲ್ಲ. ನಾವು ಹುಟ್ಟಿದಾಗಿನಿಂದ ಕ್ರಿಯಾಪದವನ್ನು ಕೊನೆಗೇ ಇಟ್ಟವರು. ಲಿಂಗದ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ. ಹುಡುಗಿಗೆ ಜರ್ಮನ್ನಿನಲ್ಲಿ ನಪುಂಸಕ ಲಿಂಗ ಎಂದ ತಕ್ಷಣ ಎರಡೂ ಕ್ಲಾಸಿನಲ್ಲಿ ನಗು.

ಆದರೆ ಇಲ್ಲಿ ಸಿಗುವ ಜರ್ಮನ್ ಪುಸ್ತಕಗಳಲ್ಲಿ ಅರ್ಥ, ವಿವರಣೆ ಏನಿದ್ದರೂ ಇಂಗ್ಲಿಷಿನಲ್ಲಿ. ಇಂಗ್ಲಿಷಿಗೇ ತಡವರಿಸುವ ಹುಡುಗಿ ಜರ್ಮನ್ನಿಗೆ ಹೋಗಲು ಇಂಗ್ಲಿಷಿನ ಸುತ್ತು ಹಾಕಬೇಕು. ಜರ್ಮನಿಯಿಂದ ಬಂದ ಕಿಟೆಲ್ 1894ರಲ್ಲೇ ನಿಘಂಟು ಕೊಟ್ಟರು ಅಂತ ಪ್ರತಿ ಸಮಾರಂಭದಲ್ಲೂ ಹೂಮಾಲೆ ಹಾಕುತ್ತೇವೆ. ಅದು ಕೂಡ ಕನ್ನಡ–ಇಂಗ್ಲಿಷ್ ನಿಘಂಟು, ನೆನಪಿರಲಿ.

"ಮೊದಲು ಕನ್ನಡ ನೆಟ್ಟಗೆ ಕಲಿಯಲಿ" ಎನ್ನುವವರಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಕನ್ನಡ ನೆಟ್ಟಗಿದ್ದವರೇ ಜರ್ಮನ್ ಬೇಗ ಕಲಿಯುತ್ತಾರೆ ಅಂತ ಈಗಷ್ಟೇ ಹೇಳಿದೆನಲ್ಲ. ಭಾಷೆಗಳನ್ನು ಒಂದರ ಎದುರು ಒಂದನ್ನು ನಿಲ್ಲಿಸಿದರೆ ಏನಾಗುತ್ತೆ ಎಂದು 2014ರಲ್ಲಿ ನೋಡಿದ್ದೇವೆ. ಕೇಂದ್ರೀಯ ವಿದ್ಯಾಲಯಗಳಲ್ಲಿ 2011ರ ಒಪ್ಪಂದದಿಂದ ಜರ್ಮನ್ ಮೂರನೇ ಭಾಷೆಯಾಗಿತ್ತು. ನವೆಂಬರಿನಲ್ಲಿ, ವರ್ಷದ ಮಧ್ಯೆ, ಅದನ್ನು ತೆಗೆದು ಸಂಸ್ಕೃತ ಓದಿ ಎಂದರು. ಸುಮಾರು 70 ಸಾವಿರ ಮಕ್ಕಳು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಬ್ರಿಸ್ಬೇನಿನ ಜಿ20 ಸಭೆಯಲ್ಲಿ ಆಗಿನ ಜರ್ಮನ್ ಚಾನ್ಸಲರ್ ಮರ್ಕೆಲ್ ನಮ್ಮ ಪ್ರಧಾನಿಯ ಹತ್ತಿರ ಪ್ರಸ್ತಾಪಿಸಿದರು. ಕೊನೆಗೆ ಆ ವರ್ಷ ಸಂಸ್ಕೃತಕ್ಕೆ ಪರೀಕ್ಷೆ ಇಲ್ಲ ಎಂದಾಯಿತು. ಎರಡು ಭಾಷೆಗಳಲ್ಲಿ ಒಂದೂ ಸರಿಯಾಗಿ ಸಿಗದೆ ಮಕ್ಕಳ ವರ್ಷ ಹೋಯಿತು.

ಹಾಗಾಗಿ ಯಾವ ಭಾಷೆಯನ್ನೂ ತೆಗೆಯಬೇಡಿ, ಪಠ್ಯಕ್ಕೂ ಸೇರಿಸಬೇಡಿ. ಮಾರ್ಕ್ಸ್ ಬೇಡವೇ ಬೇಡ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪಿಯುಸಿವರೆಗೂ ಒಂದೇ ಆವರಣ ಇದೆ. ಒಂಬತ್ತನೇ ಕ್ಲಾಸಿನಿಂದ, ಇಷ್ಟ ಇದ್ದವರಿಗೆ ಮಾತ್ರ, ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಜರ್ಮನ್, ಕನ್ನಡದಲ್ಲೇ ವಿವರಣೆ. ನಾಲ್ಕು ವರ್ಷ ಬಿಡದೆ ನಡೆದರೆ ಬಿ1 ಹತ್ತಿರ ಬರಬಹುದು. ಎಲ್ಲರೂ ನರ್ಸಿಂಗ್ ಮಾಡಲಿ, ಎಲ್ಲರೂ ಹೊರಡಲಿ ಅಂತ ನಾನು ಹೇಳುತ್ತಿಲ್ಲ. "ಎಲ್ಲರೂ ಹೋದರೆ ಇಲ್ಲಿನ ಆಸ್ಪತ್ರೆ ಯಾರು ನೋಡಿಕೊಳ್ಳಬೇಕು" ಎಂದು ಕಳೆದ ಸಲ ಒಬ್ಬರು ಕಾಮೆಂಟ್ ಹಾಕಿದ್ದರು. ನ್ಯಾಯವಾದ ಪ್ರಶ್ನೆ. ಇಲ್ಲಿನ ನರ್ಸ್‌ಗಳ ಸಂಬಳ ನೋಡಿ, ಆಮೇಲೆ ಮಾತಾಡೋಣ.

ನಿಜವಾದ ಅಡಚಣೆ ಟೀಚರ್‌ಗಳದ್ದು. ನಮ್ಮಲ್ಲಿ ಜರ್ಮನ್ ಕಲಿಸುವವರು ಹೆಚ್ಚಾಗಿ ಬೆಂಗಳೂರಿನಲ್ಲೇ ಇದ್ದೇವೆ, ಅದರಲ್ಲೂ ಎಷ್ಟೋ ಜನ ಪೀರಿಯಡ್ ಲೆಕ್ಕದ ಸಂಬಳದವರು. ಗದಗಕ್ಕೆ ಯಾರು ಹೋಗುತ್ತಾರೆ? ಬಿ2 ಪಾಸಾಗಿ ವೀಸಾಕ್ಕೆ ಕಾಯುತ್ತಾ ಊರಲ್ಲೇ ಇರುವ ನರ್ಸ್‌ಗಳನ್ನು ಆ ತಿಂಗಳುಗಳ ಮಟ್ಟಿಗೆ ಗೌರವಧನ ಕೊಟ್ಟು ಕರೆಯಬಹುದು. ನನ್ನ ಬ್ಯಾಚಿನಲ್ಲೇ ಒಪ್ಪುವವರಿದ್ದಾರೆ, ಕೇಳಿ ನೋಡಿದ್ದೇನೆ. ಯಾವುದಾದರೂ ಪ್ರೌಢಶಾಲೆಯ ಎಸ್‌ಡಿಎಂಸಿಯವರು ಇದನ್ನು ಓದುತ್ತಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಶನಿವಾರ ಮಧ್ಯಾಹ್ನ ನನಗೂ ಬಿಡುವಿದೆ.